ಚಹಾ ಆದ ಮೇಲೆ ಯಾರ ಡಬ್ಬಿ ಮೊದಲು

ಅಜ್ಜಂಪುರ

ಇಂಗ್ಲೆಂಡಿಗೆ ಹೋಗಿ ಬಂದವರನ್ನು ನಮ್ಮೂರಿನ ಜನ ಮೊದಲು ಕೇಳುವುದು ರಾಣಿಯ ಅರಮನೆಯ ವಿಷಯ, ಆಮೇಲೆ ಹಿಮದ ವಿಷಯ. ಅರಮನೆಯನ್ನು ನಾನು ನೋಡಲಿಲ್ಲ. ಹಿಮ ಬಿತ್ತು, ಆದರೆ ಅದು ಬಿದ್ದಾಗ ನಾನು ಕಾಂಕ್ರೀಟು ಗೋಡೆಯ ಒಳಗಿದ್ದೆ. ಹೊರಗೆ ಬರುವ ಹೊತ್ತಿಗೆ ಕೆಸರಾಗಿತ್ತು. ನಾನು ಹೋದದ್ದು ಒಂದು ದ್ರವ ಕುದಿಯುತ್ತದೆಯೋ ಇಲ್ಲವೋ ಎಂದು ನೋಡಿ ಬರಲು. ನೋಡಿದೆ. ನೋಡಿದ್ದನ್ನು ಹೇಳಿದೆ. ಹೇಳಿದ್ದರಿಂದ ಯಾರಿಗೂ ಉಪಯೋಗವಾಗಲಿಲ್ಲ. ಅರಮನೆ ಬೇಕಾದವರು ಇಲ್ಲಿಗೇ ಓದು ನಿಲ್ಲಿಸಬಹುದು.

ನಾನು ಬೆಂಗಳೂರಿನ ಒಂದು ಸಂಶೋಧನಾಲಯದಲ್ಲಿ ಗಾಳಿಯನ್ನು ತಣ್ಣಗಾಗಿಸಿ ದ್ರವ ಮಾಡುವ ವಿಭಾಗವನ್ನು ನೋಡಿಕೊಳ್ಳುತ್ತಿದ್ದೆ. ಅರವತ್ತರ ದಶಕದ ನಡುವೆ, ನಿವೃತ್ತಿ ಹತ್ತಿರವಾಗಿದ್ದಾಗ, ಇಂಗ್ಲೆಂಡಿನ ಒಂದು ಪ್ರಯೋಗಾಲಯಕ್ಕೆ ಕೆಲವು ತಿಂಗಳ ಮಟ್ಟಿಗೆ ಹೋಗುವ ಅವಕಾಶ ಬಂತು. ನನ್ನ ತಂಗಿಯ ಮಗ ಮೂರ್ತಿ ಅಲ್ಲಿ ಆಗಲೇ ಮೂರು ವರ್ಷದಿಂದ ಡಾಕ್ಟರೇಟಿಗೆ ಕೆಲಸ ಮಾಡುತ್ತಿದ್ದ. ಆ ಪ್ರಯೋಗಾಲಯದ ಹೆಸರನ್ನಾಗಲಿ ಊರಿನ ಹೆಸರನ್ನಾಗಲಿ ಬರೆಯುವುದಿಲ್ಲ. ಅಲ್ಲಿಯವರು ನನ್ನನ್ನು ಮರ್ಯಾದೆಯಿಂದ ಕಂಡರು. ನನ್ನ ದೂರು ಅವರ ಮೇಲಲ್ಲ.

ಹೊರಡುವ ದಿನ ಅಜ್ಜಂಪುರದ ಸ್ಟೇಷನ್ನಿಗೆ ಮನೆಯವರೆಲ್ಲ ಬಂದಿದ್ದರು. ನನ್ನ ಅಣ್ಣ ಬಸವರಾಜಪ್ಪ ಊರಿನಲ್ಲಿ ಕಾಳುಕಡ್ಡಿಯ ಮಂಡಿ ಇಟ್ಟವನು. ಅಂಗಡಿಯಲ್ಲಿ ಮಾತಾಡುವಷ್ಟೇ ದೊಡ್ಡ ದನಿಯಲ್ಲಿ ಕೇಳಿದ.

“ಏನಪ್ಪಾ, ಅಷ್ಟು ದೂರ ಹೋಗಿ ಏನ್ ನೋಡ್ಕಂಡ್ ಬತ್ತೀಯ?”

“ಜಲಜನಕ ಅಂತ ಒಂದು ಗಾಳಿ. ಹೈಡ್ರೋಜನ್ ಅಂತಾರೆ. ಅದನ್ನ ಬಹಳ ತಣ್ಣಗೆ ಮಾಡಿದರೆ ನೀರಿನ ಹಾಗಾಗುತ್ತೆ. ಅದರೊಳಗೆ ಎಲೆಕ್ಟ್ರಾನ್ ಕಿರಣ ಹಾಯಿಸಿದಾಗ ಕುದಿಯುತ್ತೋ ಇಲ್ವೋ ನೋಡಬೇಕು.”

“ಕುದಿಯೋದ್ನ ನೋಡಕ್ಕೆ ಹಡಗು ಹತ್ತಬೇಕೇನಲೇ? ನಿಮ್ಮತ್ತಿಗೆ ದಿನಾ ಬೆಳಗ್ಗೆ ಬಿಟ್ಟಿ ತೋರುಸ್ತಾಳಲ್ಲ!”

ಪ್ಲಾಟ್‌ಫಾರಂ ಮೇಲಿದ್ದವರೆಲ್ಲ ನಕ್ಕರು. ತಂಗಿ ಗೌರಮ್ಮ ಮಾತ್ರ ನಗಲಿಲ್ಲ. ತರೀಕೆರೆಯಿಂದ ಮೊದಲ ಬಸ್ಸಿಗೆ ಬಂದು, ಮಗನಿಗೆಂದು ಕಟ್ಟಿದ ಚಟ್ನಿಪುಡಿಯ ಗಂಟನ್ನು ನನ್ನ ಕೈಗೆ ಕೊಟ್ಟು, ಕಿಟಕಿಯ ಸರಳು ಹಿಡಿದು ನಿಂತಿದ್ದಳು. ಅವಳ ಗಂಡ ತೀರಿಕೊಂಡ ಮೇಲೆ ಆ ಒಬ್ಬನನ್ನು ಓದಿಸುವುದೇ ಅವಳ ಬದುಕಾಗಿತ್ತು.

“ಅಣ್ಣ, ಬೈದಾದ್ರೂ ಸರಿ, ಪಾಸ್ ಮಾಡ್ಸಿ ಕಳ್ಸು. ಡಾಕ್ಟರಾಗ್ತಾನೆ ಅಂತ ಎಲ್ಲರ ಹತ್ರಾನೂ ಹೇಳ್ಬಿಟ್ಟಿದೀನಿ. ಬರಿಗೈಲಿ ಬಂದ್ರೆ ತರೀಕೆರೇಲಿ ತಲೆ ಎತ್ತಂಗಿಲ್ಲ ಕಣಣ್ಣ.”

ರೈಲು ಹೊರಟಿತು. ‘ಆಗಲಿ’ ಎಂದೆ.

ಹಡಗು

ಹಡಗಿನ ಬಗ್ಗೆ ಹೆಚ್ಚು ಬರೆಯುವುದಿಲ್ಲ. ಏಡನ್ ದಾಟುವವರೆಗೆ ನಾನು ಹಾಸಿಗೆಯಲ್ಲಿದ್ದೆ. ಬಾಲ್ಯದಲ್ಲಿ ಕಡೂರಿನ ಹತ್ತಿರದ ಒಂದು ಮಠದ ಹಾಸ್ಟೆಲಿನಲ್ಲಿ ಬೆಳೆದವನು ನಾನು. ಗಂಟೆ ಬಾರಿಸಿದರೆ ಏಳುವುದು, ಗಂಟೆ ಬಾರಿಸಿದರೆ ಸ್ನಾನ, ಗಂಟೆಗೆ ಪೂಜೆ, ಗಂಟೆಗೆ ಪ್ರಸಾದ. ಅಂಥವನಿಗೆ ಹಡಗಿನವರು ಆಗಾಗ ‘ಗಡಿಯಾರವನ್ನು ಹಿಂದಕ್ಕೆ ತಿರುಗಿಸಿಕೊಳ್ಳಿ’ ಎಂದು ಹೇಳಿ ಹೋಗುತ್ತಿದ್ದರು. ಗಡಿಯಾರ ಹಿಂದಕ್ಕೆ ಹೋಯಿತು, ಹಸಿವು ಹೋಗಲಿಲ್ಲ.

ಊಟ ಬಡಿಸುವವನಿಗೆ ನಾನು ಮಾಂಸ ತಿನ್ನುವುದಿಲ್ಲ ಎಂದು ಹೇಳಿದೆ. ಅವನು ಬಹಳ ಮರುಗಿ, ನನ್ನ ಎದುರಿಗೇ ಸಾರಿನಿಂದ ತುಂಡುಗಳನ್ನೆಲ್ಲ ಚಮಚದಲ್ಲಿ ಆರಿಸಿ ತೆಗೆದು, ಉಳಿದದ್ದನ್ನು ನನ್ನ ಮುಂದಿಟ್ಟು, ‘ಈಗ ಸರಿಯೇ?’ ಎಂದು ನಕ್ಕ. ನಾನು ದಡ ಸೇರುವವರೆಗೆ ಬ್ರೆಡ್ಡು, ಆಲೂಗೆಡ್ಡೆ ತಿಂದೆ. ಮೂರ್ತಿಯ ಚಟ್ನಿಪುಡಿ ಅವನಿಗೆ ಅರ್ಧವೇ ತಲುಪಿತು.

ಬಾಗಿಲಲ್ಲಿ

ಪ್ರಯೋಗಾಲಯ ಊರಿನ ಹೊರಗೆ, ಕುರಿ ಮೇಯುವ ಬಯಲಿನ ನಡುವೆ ಇತ್ತು. ಲಕ್ಕವಳ್ಳಿಯಲ್ಲಿ ಅಣೆಕಟ್ಟು ಕಟ್ಟುವಾಗ ನಾನು ನೋಡಿದ್ದೆ. ಅಷ್ಟು ಕಾಂಕ್ರೀಟನ್ನು ಮತ್ತೆ ನೋಡಿದ್ದು ಇಲ್ಲಿಯೇ. ಅಲ್ಲಿ ನೀರನ್ನು ತಡೆಯಲು, ಇಲ್ಲಿ ಕಣ್ಣಿಗೆ ಕಾಣದ ಕಿರಣವನ್ನು ತಡೆಯಲು.

ಜಲಜನಕಕ್ಕೆ ಒಂದು ಕಿಡಿ ತಾಗಿದರೆ ಸಾಕು, ಕಟ್ಟಡವೇ ಹಾರಿಹೋಗುತ್ತದೆ. ಆದ್ದರಿಂದ ಒಳಬಾಗಿಲಲ್ಲಿ ಒಬ್ಬ ಮುದುಕ ಕಾವಲಿಗೆ ಕುಳಿತಿದ್ದ. ಕೀಲಿಕೈ, ಗಡಿಯಾರ, ಬೆಂಕಿಪೊಟ್ಟಣ, ಲೋಹದ್ದು ಏನಿದ್ದರೂ ಅವನ ತಟ್ಟೆಗೆ ಹಾಕಿ ಹೋಗಬೇಕು. ಮೊದಲ ದಿನ ನನ್ನ ಕೊರಳಿನ ದಾರ ಕಂಡು ‘ಅದೇನು?’ ಎಂದ. ಬೆಳ್ಳಿಯ ಕರಡಿಗೆ, ಒಳಗೆ ಇಷ್ಟಲಿಂಗ. ಮೂರ್ತಿ ಪಕ್ಕದಲ್ಲಿ ಪಿಸುಗುಟ್ಟಿದ: “ಮಾವ, ನಾನು ರೂಮಲ್ಲೇ ಬಿಟ್ಟು ಬತ್ತೀನಿ. ನೀವೂ ಹಂಗೇ ಮಾಡಿ.”

ನಾನು ಲಿಂಗವನ್ನು ಕರಡಿಗೆಯಿಂದ ತೆಗೆದು, ವಸ್ತ್ರದಲ್ಲಿ ಸುತ್ತಿ ಮತ್ತೆ ಕೊರಳಿಗೆ ಕಟ್ಟಿಕೊಂಡೆ. ಖಾಲಿ ಕರಡಿಗೆಯನ್ನು ಮಾತ್ರ ಅವನಿಗೆ ಕೊಟ್ಟೆ. ಅವನು ಅದನ್ನು ಕೀಲಿಕೈಗಳ ತಟ್ಟೆಗೆ ಹಾಕಲಿಲ್ಲ. ತನ್ನ ಟೋಪಿಯನ್ನು ತೆಗೆದು ಮೇಜಿನ ಮೇಲೆ ಅಂಗಾತ ಇಟ್ಟು ಅದರೊಳಗೆ ಇಟ್ಟ. ಅಲ್ಲಿದ್ದಷ್ಟು ದಿನವೂ ಹಾಗೆಯೇ ಮಾಡಿದ. ಆ ದೇಶದಲ್ಲಿ ನನಗೆ ಕಹಿಯಿಲ್ಲದೆ ನೆನಪಾಗುವ ಕೆಲವು ಮನುಷ್ಯರಲ್ಲಿ ಅವನೊಬ್ಬ.

ನಿಂತ ಡಬ್ಬಿ, ಮಲಗಿದ ಡಬ್ಬಿ

ಕೆಲಸ ಏನೆಂದು ಸರಳವಾಗಿ ಹೇಳುತ್ತೇನೆ. ವೇಗವಾಗಿ ಬರುವ ಎಲೆಕ್ಟ್ರಾನುಗಳನ್ನು ಒಂದು ಸಣ್ಣ ಡಬ್ಬಿಯಲ್ಲಿರುವ ದ್ರವ ಜಲಜನಕದೊಳಗೆ ಹಾಯಿಸುತ್ತಾರೆ. ಜಲಜನಕದ ಕಣಗಳಿಗೆ ತಾಗಿ ಸಿಡಿದವುಗಳನ್ನು ಯಂತ್ರ ಎಣಿಸುತ್ತದೆ. ಆ ಎಣಿಕೆಯಿಂದ ಕಣದ ಸ್ವರೂಪವನ್ನು ಲೆಕ್ಕ ಹಾಕುತ್ತಾರೆ. ಇದಕ್ಕೆ ಕಿರಣದ ದಾರಿಯಲ್ಲಿ ಎಷ್ಟು ಜಲಜನಕವಿತ್ತು ಎಂಬುದು ಖಚಿತವಾಗಿ ಗೊತ್ತಿರಬೇಕು. ಕಿರಣ ಹಾಯ್ದ ಕಡೆ ದ್ರವ ಕಾದು ಗುಳ್ಳೆ ಎದ್ದರೆ ಅಲ್ಲಿ ಸಾಂದ್ರತೆ ಇಳಿಯುತ್ತದೆ. ಸೇರು ತುಂಬಿದಂತೆ ಕಾಣುತ್ತದೆ, ನಡುವೆ ಪೊಳ್ಳು. ಅಂಥ ಸೇರಿನಿಂದ ರಾಗಿ ಅಳೆದ ಹಾಗೆ ಎಲ್ಲ ಲೆಕ್ಕವೂ ಸುಳ್ಳಾಗುತ್ತದೆ.

ಡಬ್ಬಿಯನ್ನು ಹೇಗೆ ಮಾಡಿದರೆ ಗುಳ್ಳೆ ಕಡಿಮೆ ಎಂಬುದೇ ಪ್ರಶ್ನೆ. ಮೂರ್ತಿಯ ಪ್ರೊಫೆಸರರು ಮಾಡಿದ್ದು ನೆಟ್ಟಗೆ ನಿಲ್ಲುವ ಡಬ್ಬಿ, ತೆಳುವಾದ ಪ್ಲಾಸ್ಟಿಕ್ ಹಾಳೆಯದು. ಕಾದ ದ್ರವ ತಾನಾಗಿ ಮೇಲೇರುತ್ತದೆ, ತಣ್ಣಗಿನದು ತಾನಾಗಿ ಇಳಿಯುತ್ತದೆ. ಕೆಡುವಂಥದ್ದು ಏನೂ ಇಲ್ಲ. ನಾನು ಬೆಂಗಳೂರಿನಿಂದ ನಕ್ಷೆ ಮಾಡಿ ತಂದದ್ದು ಅಡ್ಡ ಮಲಗಿದ ಡಬ್ಬಿ. ಅದರೊಳಗೆ ಒಂದು ಪುಟ್ಟ ಫ್ಯಾನು ದ್ರವವನ್ನು ಸದಾ ತಿರುಗಿಸುತ್ತಿರುತ್ತದೆ. ಆಲೆಮನೆಯಲ್ಲಿ ಕೊಪ್ಪರಿಗೆಯ ಕಬ್ಬಿನ ಹಾಲು ಉಕ್ಕದಂತೆ ಒಬ್ಬ ತಿರುವುತ್ತಾ ನಿಂತಿರುವ ಹಾಗೆ. ಅದರ ದೋಷವೆಂದರೆ ಆ ಚಳಿಯಲ್ಲಿ ಫ್ಯಾನಿನ ಬೇರಿಂಗು ಆಗಾಗ ಕಚ್ಚಿಕೊಳ್ಳುತ್ತಿತ್ತು. ನಾನೂ ಮೂರ್ತಿಯೂ ಮಾತಿನಲ್ಲಿ ‘ನಿಂತದ್ದು’, ‘ಮಲಗಿದ್ದು’ ಎಂದೇ ಕರೆಯುತ್ತಿದ್ದೆವು.

ಎರಡನ್ನೂ ಒಂದರ ಮೇಲೊಂದು ತೂಗುಹಾಕಿ, ಎರಡಕ್ಕೂ ಒಂದೇ ತಣ್ಣನೆಯ ತೊಟ್ಟಿಯಿಂದ ಕೊಳವೆ ಕೊಟ್ಟಿದ್ದರು. ಹೊರಗಿನಿಂದ ಎಳೆದು ಯಾವುದನ್ನು ಬೇಕಾದರೂ ಕಿರಣದ ದಾರಿಗೆ ತರಬಹುದು. ಕಿರಣವನ್ನು ಮೆಲ್ಲಮೆಲ್ಲಗೆ ಹೆಚ್ಚಿಸುತ್ತಾ, ಅದರ ಪ್ರಮಾಣಕ್ಕೆ ತಕ್ಕಂತೆ ಎಣಿಕೆ ಹೆಚ್ಚುತ್ತದೆಯೋ ಹಿಂದೆ ಬೀಳುತ್ತದೆಯೋ ನೋಡುವುದು. ಹಿಂದೆ ಬಿದ್ದರೆ ಗುಳ್ಳೆ ಎದ್ದಿದೆ ಎಂದರ್ಥ.

ಮೂರ್ತಿಯ ಡಾಕ್ಟರೇಟು ನಿಂತ ಡಬ್ಬಿಯ ಮೇಲೆ ನಿಂತಿತ್ತು. ‘ಇದರಲ್ಲಿ ಸಾಂದ್ರತೆ ಇಳಿಯುವುದೇ ಇಲ್ಲ’ ಎಂಬುದು ಅವನ ಪ್ರಬಂಧದ ಬುನಾದಿ. ನಮ್ಮ ಹೋಲಿಕೆಯ ವರದಿ ಅದಕ್ಕೆ ಕೊನೆಯ ಸಾಕ್ಷಿಯಾಗಬೇಕಿತ್ತು.

ಚಹಾ

ಆ ಜನರ ಅಭ್ಯಾಸಗಳಲ್ಲಿ ನನಗೆ ಹಿಡಿಸಿದ್ದು ಚಹಾದ ಶಿಸ್ತು. ಬೆಳಗ್ಗೆ ಹನ್ನೊಂದಕ್ಕೆ ಕಿರಣದ ಯಂತ್ರ ನಿಲ್ಲುತ್ತದೆ. ಕಿರಣ ಸೊಗಸಾಗಿ ಬರುತ್ತಿದ್ದರೂ ನಿಲ್ಲುತ್ತದೆ. ಪ್ರೊಫೆಸರರಿಂದ ಕಸ ಗುಡಿಸುವವರವರೆಗೆ ಒಂದೇ ಕೋಣೆಯಲ್ಲಿ ಕೂತು, ಕುರಿ, ಮಳೆ, ಕ್ರಿಕೆಟ್ಟು ಮಾತಾಡಿ, ಬಟ್ಟಲು ತೊಳೆದಿಟ್ಟು ಏಳುತ್ತಾರೆ. ನಮ್ಮಲ್ಲಿ ಕಾಫಿಗೆ ಹೋದವರನ್ನು ಹುಡುಕಲು ಇನ್ನೊಬ್ಬ ಹೋಗಬೇಕು.

ಚಹಾ ಮುಗಿದು ಕಿರಣ ಮತ್ತೆ ಬಂದಾಗ ಯಾವಾಗಲೂ ನಿಂತ ಡಬ್ಬಿ ಮೊದಲು, ಆಮೇಲೆ ಮಲಗಿದ್ದು. ಇದು ಯಾರ ಅಪ್ಪಣೆಯೆಂದು ಮೂರ್ತಿಯನ್ನು ಕೇಳಿದೆ.

“ಅಪ್ಪಣೆ ಏನಿಲ್ಲ ಮಾವ. ಅದು ದೊಡ್ಡೋರ್ದಲ್ವಾ? ಚಾ ಕುಡುದು ನೇರ ಬಂದು ನಿಂತ್ಕಂತಾರೆ. ಮೊದ್ಲು ಅವರದ್ದು ಆಗ್ಲಿ ಅಂತ ನಾನೇ ಇಟ್ಟೆ.”

ನಮ್ಮ ಮನೆಯ ಹುಡುಗ, ಎಲ್ಲಿ ಹೋದರೂ ನಡತೆ ಮರೆತಿಲ್ಲ ಎನ್ನಿಸಿತು. ದಿನದಿನವೂ ಹಾಗೆಯೇ ನಡೆಯಿತು, ದಿನದಿನವೂ ಒಂದೇ ಫಲ. ನಿಂತದ್ದರಲ್ಲಿ ಎಣಿಕೆ ಸರಿಯಾಗಿ ಏರುತ್ತಿತ್ತು. ಮಲಗಿದ್ದರಲ್ಲಿ ಹಿಂದೆ ಬೀಳುತ್ತಿತ್ತು. ಪ್ರೊಫೆಸರರು ನನ್ನ ಭುಜ ತಟ್ಟಿ, ‘ಫ್ಯಾನು ಚಂದವಾಗಿದೆ’ ಎಂದು ಹೋಗುತ್ತಿದ್ದರು.

ಶನಿವಾರದ ಸ್ನಾನ

ನಾನು ಬಾಡಿಗೆಗಿದ್ದ ಮನೆಯ ಒಡತಿ ಶ್ರೀಮತಿ ಕೋಲ್, ವಿಧವೆ. ಪ್ರತಿದಿನ ಸ್ನಾನಕ್ಕೆ ಬಿಸಿನೀರು ಬೇಕು ಎಂದಾಗ ‘ನಿಮಗೇನು ಕಾಯಿಲೆ?’ ಎಂದು ಕೇಳಿದ್ದಳು. ಅಲ್ಲಿ ಸ್ನಾನ ಶನಿವಾರ ಮಾತ್ರ. ಉಳಿದ ದಿನ ಒಂದು ಜಗ್ಗಿನಲ್ಲಿ ನೀರು ತೆಗೆದುಕೊಂಡು ನನ್ನ ವ್ಯವಸ್ಥೆ ನಾನು ಮಾಡಿಕೊಳ್ಳುತ್ತಿದ್ದೆ.

ಶನಿವಾರ ಮೊದಲು ಅವಳ ಮುದಿ ತಂದೆ, ಆಮೇಲೆ ಅವಳು, ಆಮೇಲೆ ಮೊದಲಿನಿಂದ ಇದ್ದ ಬಾಡಿಗೆದಾರ, ಕೊನೆಗೆ ನಾನು. ಒಂದು ಶನಿವಾರ ಸಂಜೆ ನನ್ನ ಸರದಿ ಬಂದಾಗ ನಲ್ಲಿಯಿಂದ ಬಂದದ್ದು ತಣ್ಣೀರು. ಕೆಳಗಿನಿಂದ ಮುದುಕ ಕೂಗಿದ: “ನೀರು ಚೆನ್ನಾಗಿ ಕಾದಿದೆ ಅಲ್ಲವೇ?”

ಟವೆಲು ಉಟ್ಟು ನಡುಗುತ್ತಾ ನಿಂತವನಿಗೆ ಮಠದ ಹಾಸ್ಟೆಲು ನೆನಪಾಯಿತು. ಅಲ್ಲಿಯೂ ಒಂದೇ ಹಂಡೆ. ದೊಡ್ಡ ತರಗತಿಯವರು ಮೊದಲು. ಕೊನೆಯಲ್ಲಿ ನಿಂತ ಚಿಕ್ಕವರು ಚಳಿ ಎಂದರೆ, ‘ನಮಗೆ ಸುಡ್ತಿತ್ತಲ್ಲೋ’ ಎಂದು ಅವರು ಬೈಯುತ್ತಿದ್ದರು. ಅವರು ಸುಳ್ಳು ಹೇಳುತ್ತಿರಲಿಲ್ಲ. ಹಂಡೆ ಒಂದೇ, ನೀರು ಒಂದೇ ಅಲ್ಲ.

ನಮ್ಮ ತೊಟ್ಟಿಯೂ ಒಂದೇ. ಚಹಾದ ಹೊತ್ತಿನಲ್ಲಿ ಕಿರಣ ಇರುವುದಿಲ್ಲ, ತಣ್ಣಗೆ ಮಾಡುವ ಯಂತ್ರ ಮಾತ್ರ ನಡೆಯುತ್ತಿರುತ್ತದೆ. ತೊಟ್ಟಿಯ ದ್ರವ ಕುದಿಯುವ ಬಿಂದುವಿಗಿಂತ ಬಹಳ ಕೆಳಗೆ ಇಳಿದಿರುತ್ತದೆ. ಚಹಾ ಆದೊಡನೆ ಬಂದ ಡಬ್ಬಿಗೆ ಆ ಹೆಚ್ಚಿನ ಚಳಿ ಸಿಗುತ್ತದೆ. ಎದ್ದ ಗುಳ್ಳೆ ಅಲ್ಲೇ ಸಾಯುತ್ತದೆ. ಎರಡನೆಯದರ ಸರದಿ ಬರುವ ಹೊತ್ತಿಗೆ ತೊಟ್ಟಿ ಕಾದಿರುತ್ತದೆ. ನಾವು ಇಷ್ಟು ದಿನ ಹೋಲಿಸಿದ್ದು ಡಬ್ಬಿಗಳನ್ನಲ್ಲ, ಸರದಿಯನ್ನು.

ಸರದಿ ತಿರುಗಿಸಿದ ದಿನ

ಮೂರ್ತಿ ಒಪ್ಪಲಿಲ್ಲ. “ಬ್ಯಾಡ ಮಾವ. ಅವರು ಬಂದು ನಿಂತಾಗ ನಿಮ್ದನ್ನ ಮೊದ್ಲು ಇಟ್ರೆ ಏನಂದ್ಕಂತಾರೆ?”

“ಏನೂ ಅಂದ್ಕೊಳ್ಳಲ್ಲ ಕಣೋ. ಆ ಮನುಷ್ಯನಿಗೆ ಮೊದಲು ಯಾವುದು ಅಂತ ಗೊತ್ತೇ ಇಲ್ಲ.”

ಅದೃಷ್ಟಕ್ಕೆ ಮರುವಾರ ಪ್ರೊಫೆಸರರು ಒಂದು ದಿನ ಲಂಡನ್ನಿಗೆ ಹೋದರು. ಅಂದು ಬೆಳಗ್ಗೆ ಕಿರಣ ಸ್ವಲ್ಪ ತಡವಾಗಿ ಬಂತು, ಆದರೆ ಚಹಾ ಆದ ಮೇಲೆ ಸ್ಥಿರವಾಗಿತ್ತು. ಮಲಗಿದ್ದನ್ನು ಮೊದಲು ಇಟ್ಟೆವು. ಎಣಿಕೆ ಸರಿಯಾಗಿ ಏರಿತು. ಆಮೇಲೆ ನಿಂತದ್ದನ್ನು ಇಳಿಸಿ ಕಿರಣ ಹೆಚ್ಚಿಸುತ್ತಾ ಹೋದೆವು. ಎಣಿಕೆ ಹಿಂದೆ ಬಿತ್ತು. ಇನ್ನೂ ಹೆಚ್ಚಿಸಿದೆವು, ಇನ್ನೂ ಹಿಂದೆ ಬಿತ್ತು, ಅಲುಗಾಡತೊಡಗಿತು.

ಮೂರ್ತಿ ಯಂತ್ರದ ಮುಂದೆ ಬಗ್ಗಿ ನಿಂತಿದ್ದವನು ತಿರುಗದೆಯೇ ಹೇಳಿದ: “ಮಾವ, ನಿಂತದ್ದು ಕುದೀತೈತೆ.”

ನನ್ನ ಡಬ್ಬಿ ಗೆದ್ದಿತು ಎಂದು ನಾನು ಕುಣಿಯಲಿಲ್ಲ. ಗೆದ್ದಿರಲಿಲ್ಲ. ಮೊದಲು ಹೋದದ್ದು ಗೆಲ್ಲುತ್ತದೆ ಎಂಬುದಷ್ಟೇ ತಿಳಿದಿತ್ತು. ಯಾವುದು ಒಳ್ಳೆಯದೆಂದು ತಿಳಿಯಬೇಕಾದರೆ, ಪ್ರತಿ ಸಲವೂ ತೊಟ್ಟಿಯನ್ನು ಒಂದೇ ಚಳಿಗೆ ತಂದು ಹೊಸದಾಗಿ ಅಳೆಯಬೇಕು. ಅಂದರೆ ಇನ್ನಷ್ಟು ದಿನ ಕಿರಣ ಬೇಕು. ನಮ್ಮ ದಿನಗಳು ಮುಗಿದಿದ್ದವು. ಮುಂದಿನ ಸರದಿ ಇನ್ನೊಂದು ಗುಂಪಿನದು. ಪ್ರೊಫೆಸರರು ಕೇಳಿದರೆ ಮಾತ್ರ ಸಿಗುತ್ತಿತ್ತು.

ಪ್ರೊಫೆಸರರ ಕೋಣೆ

ಅವರು ನನ್ನ ಮಾತನ್ನು ಒಮ್ಮೆಯೂ ತಡೆಯದೆ ಕೇಳಿದರು. ಕೇಳಿ, ಪೈಪಿನ ಬೂದಿ ಕೊಡವಿ, “ಮನುಷ್ಯನಿಗೆ ತನ್ನ ಡಬ್ಬಿಯ ಮೇಲೆ ಪ್ರೀತಿ ಇರುತ್ತದೆ. ನನಗೂ ಇದೆ. ಆದ್ದರಿಂದ ನಮ್ಮಿಬ್ಬರ ಮಾತೂ ಬೇಡ,” ಎಂದು ಮೂರ್ತಿಯ ಕಡೆ ತಿರುಗಿದರು.

“ಅಳೆದವನು ನೀನು. ಸರದಿಯಿಂದ ವ್ಯತ್ಯಾಸ ಬರುತ್ತದೆಯೇ? ಬರುತ್ತದೆ ಎಂದು ನೀನು ಹೇಳಿದರೆ ವರದಿಯನ್ನು ತಡೆಹಿಡಿಯುತ್ತೇನೆ, ಕಿರಣಕ್ಕೆ ಕೇಳುತ್ತೇನೆ. ನಿನ್ನ ಪ್ರಬಂಧ ಒಂದು ವರ್ಷ ಹಿಂದಕ್ಕೆ ಹೋಗಬಹುದು. ನಿನ್ನ ವಿದ್ಯಾರ್ಥಿವೇತನ ಮುಂದುವರಿಸಲು ಬರೆಯುತ್ತೇನೆ, ಸಿಗುತ್ತದೆಯೋ ಇಲ್ಲವೋ ಹೇಳಲಾರೆ. ಅದನ್ನೆಲ್ಲ ಬಿಟ್ಟು ಹೇಳು.”

ಇದಕ್ಕಿಂತ ನ್ಯಾಯವಾಗಿ ಯಾರೂ ಕೇಳಲಾರರು. ಮೂರ್ತಿ ತನ್ನ ಬೂಟಿನ ತುದಿಯನ್ನು ನೋಡುತ್ತಿದ್ದ. ಕೈಗಳನ್ನು ಮುಂದೆ ಕಟ್ಟಿಕೊಂಡಿದ್ದ.

“ಇಲ್ಲ ಸರ್. ಆ ದಿನ ಕಿರಣ ಸರಿ ಇರಲಿಲ್ಲ.”

ಅವನು ತಲೆ ಎತ್ತಲಿಲ್ಲ. ಪ್ರೊಫೆಸರರು ನನಗೆ ಹೇಳಿದರು: “ಮೂರು ವರ್ಷದಿಂದ ಇವನ ಅಳತೆಯನ್ನು ನಾನು ನಂಬಿದ್ದೇನೆ. ಇವತ್ತು ನಂಬುವುದಿಲ್ಲ ಎನ್ನಲು ನನ್ನ ಬಳಿ ಕಾರಣವಿಲ್ಲ. ನಿಮಗೆ ಅರ್ಥವಾಗುತ್ತದೆ.”

ಅರ್ಥವಾಯಿತು. ವರದಿಯಲ್ಲಿ ನನ್ನ ಹೆಸರು ಬೇಡ ಎಂದೆ. ‘ನಿಮ್ಮ ಇಚ್ಛೆ’ ಎಂದು ಎದ್ದು ನಿಂತು ಕೈಕುಲುಕಿದರು. ಹೊರಗೆ ಚಹಾದ ಗಂಟೆ ಬಾರಿಸಿತು.

ಕಾರಿಡಾರಿನಲ್ಲಿ ಮೂರ್ತಿಯನ್ನು ಹಿಡಿದು ನಿಲ್ಲಿಸಿದೆ. “ಲೇ, ಕುದೀತೈತೆ ಅಂದವನು ನೀನೇ ಅಲ್ವೇನೋ?”

“ಹೌದು. ನಿಮ್ಮ ಹತ್ರ ಅಂದೆ. ಅವ್ರ ಮುಖಕ್ಕೆ ಹೆಂಗನ್ನೋದು?”

“ಅವರೇ ಕೇಳಿದರಲ್ಲೋ! ಹೇಳು ಅಂತ ಬಾಯಿ ಬಿಟ್ಟು ಕೇಳಿದರು!”

“ದೊಡ್ಡೋರು ಕೇಳ್ತಾರೆ ಮಾವ. ನಾನೂ ನೀವು ಓದಿದ ಹಾಸ್ಟೆಲ್ನಲ್ಲೇ ಓದಿದ್ದು. ಸ್ವಾಮಿಗಳು ಪಂಕ್ತಿಗೆ ಬಂದು ಸಾರು ಹೆಂಗೈತೆ ಅಂತ ಕೇಳೋರು. ನೀವೇನನ್ನೋರಿ?”

‘ಚೆನ್ನಾಗೈತೆ ಬುದ್ಧಿ’ ಎನ್ನುತ್ತಿದ್ದೆವು. ಸಾರು ನೀರಾಗಿದ್ದರೂ, ಸೀದಿದ್ದರೂ, ಪಂಕ್ತಿಯ ಈ ತುದಿಯಿಂದ ಆ ತುದಿಯವರೆಗೆ ಒಂದೇ ದನಿಯಲ್ಲಿ.

“ಅದು ಸಾರು ಕಣೋ. ಇದು ಅಳತೆ,” ಎಂದೆ.

“ನಿಮಗೆ ಇನ್ನೇನು ಪೆನ್ಶನ್ ಬತ್ತದೆ. ಅಳತೆ ಪಳತೆ ಅಂತ ಕೂರಬೋದು. ನಾನು ಊರಿಗೆ ಏನು ಮುಖ ಹೊತ್ಕಂಡು ಹೋಗ್ಲಿ?” ಎಂದವನು, ಮರುಕ್ಷಣ ತಾನಾಡಿದ ದನಿಗೆ ತಾನೇ ಹೆದರಿದವನಂತೆ, “ತಪ್ಪಾಯ್ತು ಮಾವ. ಬನ್ನಿ, ಚಾ ಆರೋಗುತ್ತೆ,” ಎಂದ.

ನಾನು ಹೋಗಲಿಲ್ಲ.

ಬೆಂಗಳೂರು

ಹಿಂತಿರುಗುವ ಹಡಗಿನಲ್ಲಿ ಕಾಯಿಲೆಯಾಗಲಿಲ್ಲ. ಗಡಿಯಾರವನ್ನು ಮುಂದಕ್ಕೆ ತಿರುಗಿಸುತ್ತಾ ಬಂದೆ.

ಕೆಲವು ತಿಂಗಳಿಗೆ ವರದಿ ಅಚ್ಚಾಗಿ ಬಂತು. ನಿಂತ ಡಬ್ಬಿಯಲ್ಲಿ ಸಾಂದ್ರತೆ ಸ್ಥಿರ, ಮಲಗಿದ್ದರಲ್ಲಿ ಇಳಿಕೆ. ನಮ್ಮ ನಿರ್ದೇಶಕರು ಅದನ್ನು ಮೇಜಿನ ಮೇಲಿಟ್ಟು ಕೇಳಿದರು: “ನಿಮ್ಮ ಡಬ್ಬಿ ಇದೆ, ನಿಮ್ಮ ಹೆಸರಿಲ್ಲ. ಅಷ್ಟು ದಿನ ಅಲ್ಲಿ ಏನು ಮಾಡುತ್ತಿದ್ದಿರಿ ಸ್ವಾಮಿ?”

ವಿವರಿಸಿದೆ. ಅವರು ಕಿಟಕಿಯಾಚೆ ನೋಡುತ್ತಾ ‘ಹೂಂ’ ಎಂದರು. ಕ್ಯಾಂಟೀನಿನಲ್ಲಿ ನನ್ನ ಬೆನ್ನ ಹಿಂದೆ, ತನ್ನ ಡಬ್ಬಿ ಸೋತದ್ದಕ್ಕೆ ಮುನಿಸಿಕೊಂಡು ಬಂದಿದ್ದಾನೆ ಎಂದು ಮಾತಾಡಿಕೊಂಡರು. ಆ ನಿಂತ ಡಬ್ಬಿ ದೊಡ್ಡ ಪ್ರಯೋಗಕ್ಕೆ ಹೋಯಿತು. ಅದರಿಂದ ಬಂದ ಅಂಕಿಗಳನ್ನು ನಂಬಿ ಯಾರು ಏನು ಕಟ್ಟಿದ್ದಾರೋ ನನಗೆ ತಿಳಿಯದು. ಆ ಅಂಕಿಗಳು ಸರಿಯಾಗಿಯೂ ಇರಬಹುದು. ಕಹಿ ಇರುವುದು ಅಲ್ಲಿಯೇ: ಯಾರಿಗೂ ಗೊತ್ತಿಲ್ಲ, ಗೊತ್ತು ಮಾಡಿಕೊಳ್ಳುವ ಅವಕಾಶವಿತ್ತು.

ತರೀಕೆರೆ

ಮೂರ್ತಿಗೆ ಡಾಕ್ಟರೇಟು ಸಿಕ್ಕಿತು ಎಂದು ತಂತಿ ಬಂದ ವಾರ ತರೀಕೆರೆಗೆ ಹೋದೆ. ಹೋಗದಿದ್ದರೆ ಗೌರಮ್ಮ ನೊಂದುಕೊಳ್ಳುತ್ತಿದ್ದಳು. ಅವಳು ಓಣಿಗೆಲ್ಲ ಸಕ್ಕರೆ ಹಂಚಿ ಮುಗಿಸಿದ್ದಳು. ನನ್ನನ್ನು ಕಂಡವಳೇ ಬಾಗಿಲಲ್ಲೇ ಕಾಲಿಗೆ ಬಿದ್ದಳು.

“ನೀನಿದ್ದಿದ್ದಕ್ಕೇ ಆಯ್ತು ಕಣಣ್ಣ. ನಿನ್ನ ಭಯ ಇಲ್ದಿದ್ರೆ ಅವನೆಲ್ಲಿ ಓದೋನು.”

ಏಳಿಸಿದೆ. ಹೋಳಿಗೆ ಬಡಿಸಿ, ತುಪ್ಪ ಹಾಕಿ, ಎದುರಿಗೆ ಕುಳಿತಳು. ಅವಳ ಮುಖದಲ್ಲಿ ಇಷ್ಟು ವರ್ಷ ಕಾಣದಿದ್ದ ನೆಮ್ಮದಿಯಿತ್ತು. ಅಲ್ಲಿ ಎಲ್ಲಿ ಮಲಗುತ್ತಾನೆ, ಏನು ತಿನ್ನುತ್ತಾನೆ, ಚಳಿಗೆ ಏನು ಹೊದೆಯುತ್ತಾನೆ ಎಂದೆಲ್ಲ ಕೇಳಿ ಆದ ಮೇಲೆ, ಸ್ವಲ್ಪ ತಗ್ಗಿದ ದನಿಯಲ್ಲಿ ಇನ್ನೊಂದು ಕೇಳಿದಳು.

“ಅಣ್ಣ, ದೂರದ ದೇಶ. ಅಲ್ಲಿ ಹುಡುಗ್ರು ಗುರುಗಳ ಎದ್ರಿಗೇ ವಾದ ಮಾಡ್ತಾರಂತೆ. ಇವ್ನೇನಾರ ದೊಡ್ಡೋರಿ‌ಗೆ ಎದುರಾಡಿದ್ನಾ?”

ಎಲೆಯಿಂದ ಕೈ ತೆಗೆದೆ.

“ಇಲ್ಲ ಗೌರಿ. ಒಂದು ಮಾತೂ ಆಡಲಿಲ್ಲ.”

“ಅಷ್ಟು ಸಾಕು,” ಎಂದು ಅವಳು ಇನ್ನೊಂದು ಹೋಳಿಗೆ ಹಾಕಿದಳು.